ಶನಿವಾರ ತಯಾರಿ, ಭಾನುವಾರ ಪಾರ್ಟಿ: ಪುಟ್ಟ ಮಕ್ಕಳ ಜೊತೆ ನಮ್ಮ ಈಸ್ಟರ್

ಕ್ರಿಸ್‌ಮಸ್ ಯಾವಾಗ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಈಸ್ಟರ್ ಹಾಗಲ್ಲ. ಮಾರ್ಚ್ 21ರಂದೋ ಅದರ ನಂತರವೋ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಅದು. 2024ರಲ್ಲಿ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಕ್ಯಾಲೆಂಡರ್ ನೋಡಿಕೊಂಡರೂ ನಮ್ಮಂಥ ಮನೆಗಳಲ್ಲಿ ಪಾರ್ಟಿ ಯೋಚನೆ ಮೊದಲೇ ಬರುವುದು ಕಷ್ಟ. ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದಿಂದ ಶುರುವಾದರೆ ವಾರವಿಡೀ ಚರ್ಚು. ಗುರುವಾರ ಸಂಜೆ ಪಾದ ತೊಳೆಯುವ ವಿಧಿ, ಶುಕ್ರವಾರ ಉಪವಾಸ ಮತ್ತು ಶಿಲುಬೆ ಹಾದಿ, ಶನಿವಾರ ರಾತ್ರಿ ಜಾಗರಣೆಯ ಪೂಜೆ. ಶುಭ ಶುಕ್ರವಾರದ ದಿನ ಕೂತು ಬಲೂನು, ಚಾಕೊಲೇಟು ಅಂತ ಪಟ್ಟಿ ಬರೆಯಲು ನನಗಂತೂ ಮನಸ್ಸು ಬರುವುದಿಲ್ಲ. ಹಾಗಾಗಿ ಎಲ್ಲವೂ ಶನಿವಾರ ಬೆಳಿಗ್ಗೆಗೇ ಬಂದು ನಿಲ್ಲುತ್ತದೆ.

2025ರಲ್ಲಿ ಹೀಗೇ ಆಯಿತು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆ ರಜೆ ಶುರುವಾಗಿತ್ತು. ಅರ್ಧ ಮಕ್ಕಳು ಊರಿಗೆ ಹೋಗಿದ್ದರು, ಉಳಿದವರು ಬೇಸರದಿಂದ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದರು. ನನ್ನ ಮಗಳಿಗೆ ಆಗ ಐದು ವರ್ಷ. ಅವಳ ಜೊತೆ ಆಡುವ ಮಕ್ಕಳೆಲ್ಲ ಮೂರರಿಂದ ಆರು ವರ್ಷದವರು. ಲೆಕ್ಕ ಹಾಕಿದರೆ ಒಟ್ಟು ಒಂಬತ್ತು ಮಕ್ಕಳು. ಕ್ರೈಸ್ತರ ಮನೆ ನಮ್ಮದೂ ಇನ್ನೊಂದೂ, ಅಷ್ಟೇ.

ಮೊದಲು ಮಾಡಿದ ಕೆಲಸ ಬೇಡದ್ದನ್ನೆಲ್ಲ ಹೊಡೆದು ಹಾಕಿದ್ದು. ಥೀಮ್ ಬೇಡ, ಬಲೂನ್ ಬೇಡ, ಆರ್ಡರ್ ಕೊಟ್ಟು ಮಾಡಿಸುವ ಕೇಕ್ ಬೇಡ, ಮ್ಯೂಸಿಕಲ್ ಚೇರ್ ಅಂತೂ ಬೇಡವೇ ಬೇಡ. ಮೂರು ವರ್ಷದ ಮಗುವನ್ನು ಆಟದಿಂದ ಔಟ್ ಮಾಡಿದರೆ ಅಳು ನಿಲ್ಲಿಸುವುದರಲ್ಲೇ ಪಾರ್ಟಿ ಮುಗಿಯುತ್ತದೆ. ಇಷ್ಟು ಚಿಕ್ಕ ಮಕ್ಕಳಿಗೆ ಬಚ್ಚಿಟ್ಟ ಮೊಟ್ಟೆ ಹುಡುಕುವ ಈಸ್ಟರ್ ಆಟವೇ ಪಾರ್ಟಿ. ಅದೊಂದು ಸರಿಯಾಗಿ ನಡೆದರೆ ಮಿಕ್ಕಿದ್ದು ತಿಂಡಿ, ನೀರು, ಚಾಪೆ.

ಸಮಯ ಸಂಜೆ ನಾಲ್ಕೂವರೆಯಿಂದ ಆರು. ಮಧ್ಯಾಹ್ನ ನಮ್ಮ ಮನೆಯಲ್ಲಿ ನೆಂಟರ ಊಟ. ಮಕ್ಕಳು ಮಲಗಿ ಎದ್ದಿರುತ್ತಾರೆ, ಬಿಸಿಲೂ ಇಳಿದಿರುತ್ತದೆ. ಒಂದೂವರೆ ಗಂಟೆಗಿಂತ ಜಾಸ್ತಿ ಎಳೆದರೆ ಯಾರಾದರೂ ಯಾರನ್ನಾದರೂ ಕಚ್ಚುತ್ತಾರೆ.

ಅಪ್ಪ ಅಮ್ಮಂದಿರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಇಷ್ಟು: "ನಾಳೆ ಈಸ್ಟರ್. ಸಂಜೆ 4.30ಕ್ಕೆ ಮಕ್ಕಳನ್ನು ಕೆಳಗಿನ ಪಾರ್ಕಿಗೆ ಕಳಿಸಿ. ಕೈಗೊಂದು ಖಾಲಿ ಟಿಫಿನ್ ಡಬ್ಬಿ ಕೊಡಿ. ಗಿಫ್ಟ್ ಬೇಡ. ಯಾವ ಮಗುವಿಗೆ ಮೊಟ್ಟೆ ಮುಟ್ಟುವುದು ಬೇಡ, ಯಾರಿಗೆ ಗೋಡಂಬಿ, ಶೇಂಗಾ ಆಗಿಬರುವುದಿಲ್ಲ, ಈಗಲೇ ತಿಳಿಸಿ. ಹಬ್ಬದ ಕಥೆಯನ್ನು ಎರಡು ನಿಮಿಷ ಹೇಳುತ್ತೇನೆ." ಕೊನೆಯ ಸಾಲು ಬೇಕೆಂದೇ ಹಾಕಿದ್ದು. ಬೇರೆಯವರ ಮಕ್ಕಳನ್ನು ಕರೆದು ನಮ್ಮ ಹಬ್ಬ ಮಾಡುವಾಗ ಏನು ಹೇಳುತ್ತೇವೆ ಅನ್ನುವುದು ಮೊದಲೇ ಗೊತ್ತಿರಬೇಕು, ಅಲ್ವಾ? ಯಾರೂ ಬೇಡ ಅನ್ನಲಿಲ್ಲ. ಮೂರು ಮನೆಯವರು ಮೊಟ್ಟೆ ಬೇಡ ಅಂದರು. ಒಂದು ಮಗುವಿಗೆ ಗೋಡಂಬಿ ಅಲರ್ಜಿ ಇರುವುದು ಆಗಲೇ ಗೊತ್ತಾಯಿತು. ಎರಡು ವರ್ಷದಿಂದ ಆ ಮಗು ನಮ್ಮ ಮನೆಗೆ ಬಂದು ಹೋಗುತ್ತಿತ್ತು!

ಇನ್ನು ಹುಡುಕುವ ಮೊಟ್ಟೆಗಳು. ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಟ್ಟೆಗಳು ಹತ್ತು ನಿಮಿಷದ ಡೆಲಿವರಿ ಆ್ಯಪ್‌ಗಳಲ್ಲಿ ಹಿಂದಿನ ದಿನ ಸಿಗುತ್ತವೆ ಅಂತ ನಂಬಿ ಕೂರಬೇಡಿ. ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಮದುವೆ ಕಾರ್ಡುಗಳ ಒಂದು ಕಟ್ಟೇ ಇತ್ತು. ಗಟ್ಟಿ ಕಾಗದ, ಕೆಂಪು, ಹಳದಿ, ನೇರಳೆ, ಮೇಲೆ ಚಿನ್ನದ ಬಣ್ಣದ ಬಳ್ಳಿ. ಅಂಗೈ ಅಗಲದ ಒಂದು ಮೊಟ್ಟೆಯ ಅಚ್ಚು ಕತ್ತರಿಸಿ, ಅದನ್ನಿಟ್ಟು ಗೆರೆ ಎಳೆದು ಕತ್ತರಿಸಿದೆವು. ಮಗುವಿಗೆ ಆರರಂತೆ ಒಂಬತ್ತು ಮಕ್ಕಳಿಗೆ 54 ಮೊಟ್ಟೆ. ಶನಿವಾರ ಮಧ್ಯಾಹ್ನ ಟಿವಿ ನೋಡುತ್ತಲೇ ಗಂಡ ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ಮುಗಿಸಿದರು. ಒಂದು ಮೊಟ್ಟೆಯ ಮೇಲೆ ಯಾರದೋ ಮುಹೂರ್ತದ ಸಮಯ ಹಾಗೇ ಉಳಿದಿತ್ತು.

ಮಗುವಿಗೆ ಆರೇ ಯಾಕೆ ಅಂದರೆ, ಎಲ್ಲರಿಗೂ ಒಂದೇ ರಾಶಿ ಇಟ್ಟರೆ ಆರು ವರ್ಷದವನು ಬಾಚಿಕೊಂಡು ಹೋಗುತ್ತಾನೆ, ಮೂರು ವರ್ಷದವಳು ಖಾಲಿ ಡಬ್ಬಿ ಹಿಡಿದು ನಿಲ್ಲುತ್ತಾಳೆ. ಅದಕ್ಕೆ ಪ್ರತಿ ಮಗುವಿಗೂ ಒಂದೊಂದು ಗುರುತು. ಈ ವಯಸ್ಸಿಗೆ ಓದಲು ಬರುವುದಿಲ್ಲವಲ್ಲ, ಹಾಗಾಗಿ ಹೆಸರಿನ ಬದಲು ಚಿತ್ರ: ಸೂರ್ಯ, ಮೀನು, ಕೊಡೆ, ಎಲೆ, ಬೆಕ್ಕು, ಹೀಗೆ. ಮೊಟ್ಟೆಯ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಬರೆದೆ. ಅದೇ ಚಿತ್ರವನ್ನು ಮಗುವಿನ ಟಿಫಿನ್ ಡಬ್ಬಿಯ ಮೇಲೆ ಅಂಟಿಸಲು ಒಂದು ಚೀಟಿ. "ನಿನ್ನದು ಮೀನು. ಮೀನು ಇರುವ ಮೊಟ್ಟೆ ಮಾತ್ರ ನಿನ್ನದು. ಬೇರೆ ಸಿಕ್ಕರೆ ಅಲ್ಲೇ ಬಿಡು, ಯಾರಿಗೂ ಹೇಳಬೇಡ." ಈ ಕೊನೆಯ ಮಾತು ಯಾವ ಮಗುವೂ ಪಾಲಿಸಲಿಲ್ಲ. "ಆಂಟೀ, ಬೆಕ್ಕು ಇಲ್ಲಿದೆ!" ಅಂತ ಪಾರ್ಕಿಡೀ ಕೂಗಾಟ. ಅದರಿಂದ ಕೆಲಸ ಹಗುರವೇ ಆಯಿತು.

ಬಚ್ಚಿಡುವುದು ಅನ್ನುತ್ತೇವೆ, ನಿಜವಾಗಿ ಅದು ಬಚ್ಚಿಡುವುದಲ್ಲ. ಮೂರು ವರ್ಷದವರಿಗೆ ಅರ್ಧ ಕಾಣುವ ಹಾಗೆ ಇಡಬೇಕು. ನಾನು ಪಾರ್ಕಿನಲ್ಲಿ ಮಂಡಿಯೂರಿ ಕೂತು ಅವರ ಎತ್ತರದಿಂದ ನೋಡಿದೆ. ನಮಗೆ ಎದ್ದು ಕಾಣುವ ಕಿಟಕಿ ಕಟ್ಟೆ ಅವರ ಕಣ್ಣಿಗೇ ಬೀಳುವುದಿಲ್ಲ. ಬೆಂಚಿನ ಅಡಿ, ದಾಸವಾಳದ ಬುಡ, ಜಾರುಬಂಡೆಯ ಮೆಟ್ಟಿಲು, ಹೂಕುಂಡದ ಅಂಚು ಅವರಿಗೆ ಚೆನ್ನಾಗಿ ಕಾಣುತ್ತವೆ. ಆರು ವರ್ಷದವರ ಮೊಟ್ಟೆಗಳನ್ನು ಸ್ವಲ್ಪ ಮೇಲೆ, ಎಲೆಗಳ ನಡುವೆ ಸಿಕ್ಕಿಸಿದೆ. ಸಂಪಿನ ಮುಚ್ಚಳ, ಪಾರ್ಕಿಂಗ್ ಕಡೆ, ಜನರೇಟರ್ ರೂಮು, ಇವುಗಳ ಹತ್ತಿರ ಒಂದೂ ಇಲ್ಲ. ಹಗ್ಗ ಕಟ್ಟಿ ಗಡಿ ಹಾಕಿ, ಗೇಟಿನ ಹತ್ತಿರ ಒಬ್ಬರು ದೊಡ್ಡವರನ್ನು ನಿಲ್ಲಿಸಿದೆ. ಏಪ್ರಿಲ್ ಸಂಜೆಯ ಮಳೆಯನ್ನು ಬೆಂಗಳೂರಿನಲ್ಲಿ ನಂಬುವ ಹಾಗಿಲ್ಲ, ಹಾಗಾಗಿ ಮೋಡ ಕಂಡರೆ ಇಡೀ ಆಟವನ್ನು ಎರಡನೇ ಮಹಡಿಯ ಕಾರಿಡಾರಿಗೆ ಸಾಗಿಸುವುದು ಅಂತ ಮೊದಲೇ ತೀರ್ಮಾನವಾಗಿತ್ತು. ಮೋಡ ಬರಲಿಲ್ಲ.

ಹೊರಗೆ ಇಟ್ಟಿದ್ದು ಕಾಗದ ಮಾತ್ರ. ನಿಜವಾದ ಮೊಟ್ಟೆಯನ್ನಾಗಲೀ ಚಾಕೊಲೇಟನ್ನಾಗಲೀ ನಮ್ಮ ಏಪ್ರಿಲ್ ಬಿಸಿಲಿಗೆ ಗಿಡದ ಬುಡದಲ್ಲಿಡುವುದು ಹುಚ್ಚುತನ. ಚಾಕೊಲೇಟ್ ನಮ್ಮ ಮೈ ಬಿಸಿಗೇ ಕರಗುತ್ತದೆ. ಕರಗದೆ ಉಳಿದದ್ದಕ್ಕೆ ಇರುವೆಗಳಿವೆ. ಬೇಯಿಸಿದ ಮೊಟ್ಟೆಯಂತೂ ಸೆಕೆಯಲ್ಲಿ ಬೇಗ ಕೆಡುತ್ತದೆ, ಹುಡುಕದೆ ಉಳಿದ ಒಂದು ಮೊಟ್ಟೆ ವಾರದ ನಂತರ ತಾನೇ ತನ್ನ ವಿಳಾಸ ಹೇಳುತ್ತದೆ. ಅದಕ್ಕೆ ಕೊನೆಯಲ್ಲಿ ಒಂದು ಅಂಗಡಿ ಇಟ್ಟೆ. ಆರು ಕಾಗದದ ಮೊಟ್ಟೆ ತಂದುಕೊಟ್ಟರೆ ಐಸ್ ಬಾಕ್ಸಿನಿಂದ ಒಂದು ಚಾಕೊಲೇಟ್ ಮೊಟ್ಟೆ, ಒಂದು ಬಣ್ಣದ ಪೆನ್ಸಿಲು. ಒಂದೊಂದೇ ಎಣಿಸಿ ಕೊಡುವ ಆ ವ್ಯಾಪಾರ ಕೆಲವರಿಗೆ ಹುಡುಕಾಟಕ್ಕಿಂತ ಇಷ್ಟವಾಯಿತು.

ದೊಡ್ಡ ಮಕ್ಕಳ ಹುಡುಕಾಟ ಐದೇ ನಿಮಿಷದಲ್ಲಿ ಮುಗಿಯಿತು. ಅವರನ್ನು ಸುಮ್ನೆ ಬಿಟ್ಟರೆ ಚಿಕ್ಕವರದ್ದನ್ನೂ ಹುಡುಕಿ ಮುಗಿಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಮಗುವನ್ನು ವಹಿಸಿ, "ಕೈಯಲ್ಲಿ ತೋರಿಸುವ ಹಾಗಿಲ್ಲ, ಹತ್ರ ಹತ್ರ, ದೂರ ದೂರ ಅಂತ ಮಾತ್ರ ಹೇಳಬೇಕು" ಅಂದೆ. ಮತ್ತೆ ಹತ್ತು ನಿಮಿಷ ಸಾಗಿತು. ಮೀನಿನ ಗುರುತಿನ ಹುಡುಗ ಮಾತ್ರ ಒಂದು ಮೊಟ್ಟೆ ಸಿಕ್ಕ ಕೂಡಲೇ ಹುಡುಕುವುದನ್ನೇ ಬಿಟ್ಟ. ಕೈ ತೊಳೆಯಲು ಇಟ್ಟಿದ್ದ ಬಕೆಟಿನಲ್ಲಿ ಅದನ್ನು ಈಜಲು ಬಿಟ್ಟು ಪಕ್ಕದಲ್ಲೇ ಕೂತ. ಅವನ ಅಮ್ಮ ಎಬ್ಬಿಸಲು ಹೊರಟರು, ನಾನು ತಡೆದೆ. ಅವನ ಪಾರ್ಟಿ ಅಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು.

ಆಮೇಲೆ ಚಾಪೆಯ ಮೇಲೆ ಮೊಟ್ಟೆ ಅಲಂಕಾರ. ಪೇಂಟು, ಬ್ರಶ್ಶು ತೆಗೆಯಲೇ ಇಲ್ಲ. ಫ್ಯಾನ್ಸಿ ಸ್ಟೋರಿನಿಂದ ಸ್ಟಿಕ್ಕರ್ ಬಿಂದಿ ಪ್ಯಾಕೆಟ್ ತಂದಿದ್ದೆ. ಕೆಂಪು, ಹಸಿರು, ನೀಲಿ, ಹೊಳೆಯುವ ಕಲ್ಲಿಲ್ಲದವು, ಆದಷ್ಟು ದೊಡ್ಡ ಸೈಜು. ಚಿಕ್ಕವು ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ. ಹಾಳೆಯಿಂದ ಬಿಂದಿ ಕೀಳಲು ಉಗುರಿನ ತುದಿ ಬೇಕು. ಮೂರು ವರ್ಷದ ಬೆರಳಿಗೆ ಅದು ದೊಡ್ಡ ಕೆಲಸ. ನಾಲಗೆ ಹೊರಗೆ ಹಾಕಿ, ಉಸಿರು ಬಿಗಿಹಿಡಿದು ಕೀಳುತ್ತಾರೆ. ಕೆಲವು ಮೊಟ್ಟೆಗೆ ಅಂಟಿದವು, ಕೆಲವು ಹಣೆಗೆ, ಮೂಗಿಗೆ.

ಬೇಯಿಸಿದ ಮೊಟ್ಟೆಗಳಿಗೆ ಶನಿವಾರ ಸಂಜೆಯೇ ಬಣ್ಣ ಹಾಕಿಟ್ಟಿದ್ದೆ. ನಮ್ಮಲ್ಲಿ ಸಿಗುವ ಬಿಳಿ ಮೊಟ್ಟೆಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಎರಡು ಹಿಡಿ ಈರುಳ್ಳಿ ಸಿಪ್ಪೆ, ಮೊಟ್ಟೆ ಮುಳುಗುವಷ್ಟು ನೀರು, ಒಂದೆರಡು ಚಮಚ ವಿನೆಗರ್. ವಿನೆಗರಿನ ಹುಳಿ ಚಿಪ್ಪಿನ ಸುಣ್ಣವನ್ನು ಸ್ವಲ್ಪ ಕೊರೆಯುವುದರಿಂದ ಬಣ್ಣ ಗಟ್ಟಿಯಾಗಿ ಕೂರುತ್ತದೆ. ಹನ್ನೆರಡು ನಿಮಿಷ ಕುದಿಸಿ ಅದೇ ನೀರಿನಲ್ಲಿ ತಣಿಯಲು ಬಿಟ್ಟರೆ ಇಟ್ಟಿಗೆ ಕೆಂಪು ಬರುತ್ತದೆ. ಅರಿಶಿನದಲ್ಲಿ ಕುದಿಸಿದರೆ ಹಳದಿ. ಕೆಂಪು ಎಲೆಕೋಸಿನ ನೀರಿನಲ್ಲಿ ನೆನೆಸಿಟ್ಟರೆ ನೀಲಿ, ಇದನ್ನು ನೋಡಿ ಮಕ್ಕಳಿಗಿಂತ ದೊಡ್ಡವರೇ ಬಾಯಿ ಬಿಟ್ಟರು. ಬೀಟ್ರೂಟನ್ನು ನಾನು ಬಳಸುವುದಿಲ್ಲ. ಹಸಿಯಿದ್ದಾಗ ಚೆಂದದ ಗುಲಾಬಿ, ಒಣಗಿದ ಮೇಲೆ ಮಾಸಲು.

ಮೂರ್ನಾಲ್ಕು ಮೊಟ್ಟೆಗೆ ಇನ್ನೊಂದು ಆಟ. ಹಸಿ ಮೊಟ್ಟೆಯ ಮೇಲೆ ಒದ್ದೆ ಮಾಡಿದ ಒಂದು ಕೊತ್ತಂಬರಿ ಎಲೆಯನ್ನು ಹರವಿ, ಹಳೆಯ ತೆಳು ಕಾಲುಚೀಲದ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟಿ, ಈರುಳ್ಳಿ ಸಿಪ್ಪೆಯ ಜೊತೆ ಕುದಿಸುವುದು. ತಣಿದ ಮೇಲೆ ಗಂಟು ಬಿಚ್ಚಿ ಎಲೆಯನ್ನು ಉಗುರಿನಿಂದ ಎಬ್ಬಿಸಿದರೆ, ಕೆಂಪು ಚಿಪ್ಪಿನ ಮೇಲೆ ಎಲೆಯ ಹಲ್ಲು ಹಲ್ಲಿನ ಅಂಚು ತಿಳಿಯಾಗಿ ಮೂಡಿರುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಹೊಳಪು. ಒಂದಾದರೂ ಮಾಡಿ ನೋಡಿ, ಪೂರ್ತಿ ಟ್ರೇ ಮಾಡಲು ಹೋಗಬೇಡಿ. ರಾತ್ರಿ ಪೂಜೆಗೆ ಹೊರಡಬೇಕಲ್ಲ.

ಮೊಟ್ಟೆ ಬೇಡ ಅಂದ ಮಕ್ಕಳಿಗೆ ನಿಂಬೆಹಣ್ಣು ಕೊಟ್ಟೆ. ಆಕಾರ ಅದೇ, ಸಿಪ್ಪೆ ನುಣುಪು, ಬಿಂದಿ ಚೆನ್ನಾಗಿ ಅಂಟುತ್ತದೆ, ಬಿದ್ದರೆ ಒಡೆಯುವುದೂ ಇಲ್ಲ. ಎಲ್ಲರ ಮುಂದೆ ಬೇರೆ ಬುಟ್ಟಿ ಇಡಲಿಲ್ಲ. ಮೊಟ್ಟೆ, ನಿಂಬೆ ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಆ ಮೂವರ ಕೈಗೆ ನಾನೇ ನಿಂಬೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮೊಟ್ಟೆ ಸಿಕ್ಕವರೂ ನಿಂಬೆಹಣ್ಣು ಬೇಕು ಅಂತ ಹಟ ಹಿಡಿದರು.

ಕಥೆ ಹೇಳಿದ್ದು ಈ ಹೊತ್ತಿನಲ್ಲೇ, ಕೈ ಕೆಲಸದಲ್ಲಿದ್ದಾಗ. ಕೈಗೆ ಕೆಲಸವಿದ್ದರೆ ಕಿವಿ ಖಾಲಿ ಇರುತ್ತದೆ. ಯೇಸು ಶುಕ್ರವಾರ ತೀರಿಕೊಂಡರು, ಗುಹೆಯಂಥ ಸಮಾಧಿಯಲ್ಲಿಟ್ಟು ದೊಡ್ಡ ಕಲ್ಲು ಮುಚ್ಚಿದರು. ಭಾನುವಾರ ಬೆಳಗಾಗುವ ಹೊತ್ತಿಗೆ ಅವರ ಶಿಷ್ಯೆ ಮಗ್ದಲದ ಮರಿಯಳು ಹೋಗಿ ನೋಡಿದರೆ ಕಲ್ಲು ಉರುಳಿದೆ, ಒಳಗೆ ಯಾರೂ ಇಲ್ಲ. ಅವರು ಮತ್ತೆ ಎದ್ದು ಬಂದಿದ್ದರು. ಅಷ್ಟೇ. ಮೊಳೆ, ರಕ್ತ ಈ ವಯಸ್ಸಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ಬರೀ ಮೊಲ, ಚಾಕೊಲೇಟು ಅಂತ ಹಬ್ಬವನ್ನು ಮುಗಿಸಿಬಿಡುವುದೂ ನನಗೆ ಇಷ್ಟವಿಲ್ಲ. ಮೊಲ ಜರ್ಮನಿ ಕಡೆಯ ಕಥೆ, ಮಂಗಳೂರಿನಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಈಸ್ಟರಿನಲ್ಲಿ ಅದರ ಸುಳಿವೇ ಇರಲಿಲ್ಲ. ಸಾನ್ನಾ (ಇಡ್ಲಿಯಂಥ ಮೆತ್ತನೆ ತಿಂಡಿ) ಮತ್ತು ಬಾಫಾತ್ (ಮಸಾಲೆ ಹಾಕಿದ ಮಾಂಸದ ಪದಾರ್ಥ) ಇದ್ದರೆ ಅದೇ ಹಬ್ಬ.

"ಮೊಟ್ಟೆ ಯಾಕೆ?" ಅಂತ ಸೂರ್ಯನ ಗುರುತಿನ ಹುಡುಗಿ ಕೇಳಿದಳು. ಹಿಂದಿನ ಕಾಲದಲ್ಲಿ ಯೂರೋಪಿನಲ್ಲಿ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಮೊಟ್ಟೆಯನ್ನೂ ತಿನ್ನುತ್ತಿರಲಿಲ್ಲ. ಕೋಳಿಗೆ ಇದು ಗೊತ್ತಾ? ಅದು ಇಡುತ್ತಲೇ ಇತ್ತು. ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಹೀಗೆ ಹೇಳಿದೆ. ಮುಚ್ಚಿದ ಚಿಪ್ಪಿನಿಂದ ಮರಿ ಹೊರಗೆ ಬರುವುದನ್ನೂ ಹೇಳಿದೆ. ಕೋಳಿಯ ಭಾಗಕ್ಕೇ ನಗು ಜಾಸ್ತಿ ಬಂತು.

ತಿಂಡಿ ಕಡಿಮೆಯೇ ಇತ್ತು. ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿಯ ಹಾಟ್ ಕ್ರಾಸ್ ಬನ್ (ಮೇಲೆ ಶಿಲುಬೆಯ ಗುರುತಿರುವ ಸಿಹಿ ಬನ್) ಶುಭ ಶುಕ್ರವಾರವೇ ಮನೆಗೆ ಬಂದಿತ್ತು. ಉಳಿದಿದ್ದನ್ನು ಬೆಣ್ಣೆ ಹಾಕಿ ಬಿಸಿ ಮಾಡಿ ನಮ್ಮಂಥ ದೊಡ್ಡವರಿಗೆ ಕೊಟ್ಟೆ. ಮಕ್ಕಳಿಗೆ ಸೌತೆಕಾಯಿ ಬೆಣ್ಣೆ ಸ್ಯಾಂಡ್‌ವಿಚ್, ಖಾರ ಇಲ್ಲದ ಚುರುಮುರಿ, ಬೀಜ ತೆಗೆದ ಕಲ್ಲಂಗಡಿ, ಅಡಿಕೆ ಹಾಳೆಯ ತಟ್ಟೆಯಲ್ಲಿ. ಚುರುಮುರಿಗೆ ಶೇಂಗಾ ಹಾಕಲಿಲ್ಲ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದೆ. ಇಡೀ ದ್ರಾಕ್ಷಿ ಐದು ವರ್ಷದೊಳಗಿನವರ ಗಂಟಲಿಗೆ ಸಿಕ್ಕಿಹಾಕಿಕೊಳ್ಳುವುದು ನಿಜವಾದ ಅಪಾಯ. ಮಾರ್ಜಿಪಾನ್ ಮೊಟ್ಟೆಗಳನ್ನು ಮಕ್ಕಳ ಕೈಗೆ ಕೊಡಲೇ ಇಲ್ಲ. ಅದು ಗೋಡಂಬಿ, ಸಕ್ಕರೆ ಅರೆದು ಮಾಡುವ ಸಿಹಿ. ಹೊರಡುವಾಗ ಅಪ್ಪ ಅಮ್ಮಂದಿರ ಕೈಗೆ, ಅದೂ ತಿನ್ನಬಹುದಾದ ಮನೆಗಳಿಗೆ ಮಾತ್ರ ಕೊಟ್ಟೆ. ಗೋಡಂಬಿ ಆಗದ ಮಗುವಿನ ಮನೆಗೆ ಇನ್ನೊಂದು ಬಣ್ಣದ ಪೆನ್ಸಿಲು ಹೋಯಿತು. ಮಾರ್ಜಿಪಾನ್ ಬಿಟ್ಟರೆ ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ಬಿಂದಿ ಅಂಟಿಸಿದ ಮೊಟ್ಟೆಗಳನ್ನು ಮಕ್ಕಳು ಮನೆಗೆ ಒಯ್ದರು. "ನೋಡಲು ಮಾತ್ರ, ತಿನ್ನಲು ಬೇಡ" ಅಂತ ಪ್ರತಿ ಡಬ್ಬಿಯ ಜೊತೆ ಹೇಳಿ ಕಳಿಸಿದೆ. ಅಷ್ಟು ಹೊತ್ತು ಬಿಸಿಯಲ್ಲಿ ಕೈಯಿಂದ ಕೈಗೆ ಓಡಾಡಿದ ಮೊಟ್ಟೆ ಹೊಟ್ಟೆಗೆ ಒಳ್ಳೆಯದಲ್ಲ. ಫ್ರಿಜ್ಜಿನಲ್ಲೇ ಉಳಿದಿದ್ದವು ಸೋಮವಾರ ಮೊಟ್ಟೆ ಸಾರಾದವು. ಅರಿಶಿನದ್ದರ ಚಿಪ್ಪಿನಲ್ಲಿ ಬಿರುಕು ಬಿಟ್ಟಿದ್ದ ಕಡೆಯೆಲ್ಲ ಒಳಗಿನ ಬಿಳಿಯ ಮೇಲೆ ಹಳದಿ ಗೆರೆಗಳಿದ್ದವು. ರುಚಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ನಿಂಬೆಹಣ್ಣು ತೆಗೆದುಕೊಂಡು ಹೋದ ಮನೆಯೊಂದರಿಂದ ಮರುದಿನ ಪಾನಕದ ಫೋಟೋ ಬಂತು, ಲೋಟಕ್ಕೆ ಒಂದು ಹಸಿರು ಬಿಂದಿ ಅಂಟಿಸಿದ್ದರು.