ಕಲ್ಲಾದ ರೋಲರ್‌ಗೆ ಹೀಟ್ ಶ್ರಿಂಕ್: ನನ್ನ ಅನುಭವ

ಹಳೇ ಟೈಪ್‌ರೈಟರಿನಲ್ಲಿ ಕಾಗದ ಸುತ್ತಿಕೊಳ್ಳುವ ರಬ್ಬರ್ ರೋಲರ್ ಗಟ್ಟಿಯಾಗಿ ಕಲ್ಲಾದರೆ ನಾನು ಅದಕ್ಕೆ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಸ್ಲೀವ್) ಹಾಕುತ್ತೇನೆ. “ಅದು ಕರೆಂಟ್ ವೈರ್‌ಗೆ ಹಾಕೋ ಸ್ಲೀವು, ಟೈಪ್‌ರೈಟರ್‌ಗಲ್ಲ” ಅಂದವರಿಗೆ ತೋರಿಸಲು ಈಗ ಮೂರು ಮಿಷನ್ ಇವೆ, ಮೂರೂ ಕನ್ನಡ ಗೋದ್ರೇಜ್. 1955ರಲ್ಲಿ ಶುರುವಾದ ಗೋದ್ರೇಜ್ ಟೈಪ್‌ರೈಟರ್ ತಯಾರಿಕೆ ನಿಂತೇ ಹೋಗಿದೆ, ಹೊಸ ರೋಲರ್ ಕೇಳಲೇಬೇಡಿ. ಷೋಕೇಸಿಗೆ ಕೊಳ್ಳುವವರಿಗೆ ರೋಲರ್ ಹೇಗಿದ್ದರೂ ನಡೆದೀತು. ಬೆಲೆ ಏರುವುದು ‘ಕೃಷ್ಣ’ ಅಂತ ಹೊಡೆದು ತೋರಿಸಿದಾಗ, ಒತ್ತು ಕೆಳಗೆ ಸ್ಪಷ್ಟವಾಗಿ ಮೂಡಿದಾಗ.

ರೋಲರ್ ಮೆತ್ತಗಾಗಲೆಂದು ಮೊದಲು ಬ್ರೇಕ್ ಆಯಿಲ್ ಒರೆಸಿದೆ. ರಬ್ಬರ್ ಅಂಟಂಟಾಯಿತು, ಹನಿ ಬಿದ್ದ ಕಡೆ ಬಾಡಿಯ ಪೇಂಟೂ ಎದ್ದಿತು. ನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆ ಸುಮಾರು ಮೂರು ವಾರ ಮೆತ್ತಗಿಟ್ಟಿತು, ಆಮೇಲೆ ಮತ್ತೆ ಕಲ್ಲು. (ಕಾಗದವನ್ನು ಕೆಳಗಿನಿಂದ ಒತ್ತಿಹಿಡಿಯುವ ಸಣ್ಣ ಫೀಡ್ ರೋಲರ್‌ಗಳಿಗೆ ಈಗಲೂ ಅದನ್ನೇ ಹಚ್ಚುತ್ತೇನೆ, ಅಲ್ಲಿ ಪರವಾಗಿಲ್ಲ.)

ಸ್ಲೀವ್ ಬೆಂಗಳೂರಿನ ಎಸ್.ಪಿ. ರೋಡಿನದು, ಕೊಂಡಾಗ ಮೀಟರಿಗೆ ಮುನ್ನೂರೈವತ್ತರ ಆಸುಪಾಸು. ಒಳಗೆ ಗೋಂದಿರುವುದು ಬೇಡ. ಕರಗಿ ಗಂಟುಗಂಟಾಗಿ ಇನ್ನೂರು ರೂಪಾಯಿ ಮಣ್ಣುಪಾಲಾಯಿತು. ಹಳೇ ರಬ್ಬರನ್ನು ಉಜ್ಜದೆ ಅದರ ಮೇಲೇ ಏರಿಸಿದರೆ ರೋಲರ್ ದಪ್ಪವಾಗಿ ಕಾಗದ ಸಿಕ್ಕಿಕೊಳ್ಳುತ್ತದೆ. ಲೇತಿನಲ್ಲಿ ತಿರುಗಿಸಿ, 120ರ ಎಮರಿ (ಉಜ್ಜುವ ಕಾಗದ) ಹಿಡಿದು, ವ್ಯಾಸದಲ್ಲಿ ಸುಮಾರು 2 ಮಿ.ಮೀ. ಇಳಿಸಬೇಕು, ಯಾಕೆಂದರೆ ಕುಗ್ಗಿದ ಸ್ಲೀವಿನ ಗೋಡೆ ಹತ್ತಿರಹತ್ತಿರ 1 ಮಿ.ಮೀ. ಬರುತ್ತದೆ. ಮೊದಲ ಮಿಷನ್‌ನಲ್ಲಿ ನಾನು ಜಾಸ್ತಿ ಉಜ್ಜಿದೆ. ಅಕ್ಷರದ ಅಚ್ಚಿನ ಮುಖ ರೋಲರಿನ ಬಾಗಿಗೆ ತಕ್ಕಂತೆ ಒಳಗೆ ಗುಳಿ ಇರುತ್ತದಲ್ಲ, ರೋಲರ್ ಸಣ್ಣದಾದರೆ ನಡುವೆ ಮಾತ್ರ ತಾಗುತ್ತದೆ. ಇಂಗ್ಲಿಷ್ ಮಿಷನ್‌ನಲ್ಲಿ ಅಷ್ಟು ಗೊತ್ತಾಗದು. ಕನ್ನಡದಲ್ಲಿ ಮೇಲಿನ ಗುಡಿಸು, ಕೆಳಗಿನ ಒತ್ತು ಎರಡೂ ಮಾಯ.

ಬಿಸಿಗಾಳಿ ಊದುವ ಗನ್ ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಒಯ್ಯಿ, ರೋಲರ್ ತಿರುಗುತ್ತಲೇ ಇರಲಿ. ತುದಿಗಳಿಂದ ಬಂದರೆ ಗಾಳಿ ನಡುವೆ ಸಿಕ್ಕಿ ಗುಳ್ಳೆ ಏಳುತ್ತದೆ. ಉದ್ದದಲ್ಲೂ ಕುಗ್ಗುವುದರಿಂದ ಅತ್ತಿತ್ತ ಒಂದೊಂದು ಇಂಚು ಬಿಟ್ಟು, ಪೂರ್ತಿ ತಣಿದ ಮೇಲೆ ಬ್ಲೇಡಿನಲ್ಲಿ ಕತ್ತರಿಸಿ. ಸ್ಲೀವ್ ಜಾರದಂತೆ ಕೆಳಗೆ ಏನು ಹಚ್ಚುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡು ಪದರ ಹಾಕಿಯೂ ನೋಡಿದೆ. ಅಚ್ಚು ಬಡಿಯುವ ಸದ್ದು ಇನ್ನಷ್ಟು ತಗ್ಗಿತು, ಆದರೆ ಕಾರ್ಬನ್ ಪ್ರತಿ ಮಂಕಾಯಿತು. ಒಂದೇ ಸಾಕು.

ಗುಜರಿಯಿಂದ ಮಿಷನ್ 3,500, ಲೇತ್ 400, ರಿಬ್ಬನ್ನು, ಸೀಮೆಎಣ್ಣೆ, ಹಾಳಾದ ಸ್ಲೀವು ಎಲ್ಲ ಸೇರಿ ಐದು ಸಾವಿರದೊಳಗೆ. ಎರಡನೇ ಮಿಷನ್ ಹನ್ನೊಂದು ಸಾವಿರಕ್ಕೆ ಕೇಳಿದ್ದಾರೆ. ಇನ್ನೂ ಕೊಟ್ಟಿಲ್ಲ.