ಮಾಸ್ಟರ್ಸ್ ಈಜು ಮೀಟ್‌ಗೆ ಹೀಟ್ ಹಾಕೋದು: ನಾನು ಕಲಿತಿದ್ದು

ಬೆಂಗಳೂರಿನ ಒಂದು ಮಾಸ್ಟರ್ಸ್ ಮೀಟ್, ಅಂದರೆ 25ರಿಂದ ಮೇಲಿನವರ ಈಜು ಸ್ಪರ್ಧೆ. ಯಾರು ಯಾವ ಹೀಟಿನಲ್ಲಿ (ಒಟ್ಟಿಗೆ ಈಜುವ ಸರದಿಯಲ್ಲಿ), ಯಾವ ಲೇನಿನಲ್ಲಿ ಅಂತ ಬರೆಯುವ ಹೀಟ್ ಶೀಟ್ ಕೆಲಸ ಮೊದಲ ಸಲ ನನ್ನ ಕೈಗೆ ಬಂದಾಗ 1500 ಮೀಟರ್ ಫ್ರೀಸ್ಟೈಲ್‌ಗೆ 17 ಜನ ಹೆಸರು ಕೊಟ್ಟಿದ್ದರು. ಮಕ್ಕಳ ಮೀಟ್‌ನಲ್ಲಿ ಮಾಡುವ ಹಾಗೆ ವಯಸ್ಸಿನ ಗುಂಪಿಗೊಂದು ಹೀಟ್, ಗಂಡಸರು ಬೇರೆ, ಹೆಂಗಸರು ಬೇರೆ ಅಂತ ಹಾಕಿಬಿಟ್ಟೆ. ಏಳು ಹೀಟ್ ಆಯಿತು. ಬೆಳಿಗ್ಗೆ ಏಳೂವರೆಗೆ ಶುರುವಾದ ಇವೆಂಟ್ ಮುಗಿದಾಗ ಹನ್ನೊಂದೂಮುಕ್ಕಾಲು. ಕೊನೆಯ ಹೀಟಿನಲ್ಲಿ 60 ದಾಟಿದ ಒಬ್ಬ ಅಮ್ಮ. ಎಂಟು ಲೇನಿನ ಕೊಳದಲ್ಲಿ ಅವರೊಬ್ಬರೇ 30 ಲೆಂತ್ ಈಜಿದರು, ಉಳಿದವರೆಲ್ಲ ಬಿಸಿಲಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದರು. ಮೇಲೆ ಬಂದವರೇ ಮೊದಲು ಹೇಳಿದ್ದು, "ಸಾರಿ ಕಣಪ್ಪ, ಎಲ್ಲರನ್ನೂ ಕಾಯಿಸಿಬಿಟ್ಟೆ." ತಪ್ಪು ಅವರದ್ದಲ್ಲ, ನನ್ನದು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಕೂತು ನಿಯಮ ಓದಿದೆ. ಮಾಸ್ಟರ್ಸ್‌ನಲ್ಲಿ 25ರಿಂದ ಮೇಲೆ ಐದೈದು ವರ್ಷಕ್ಕೆ ಒಂದು ಗುಂಪು, ವಯಸ್ಸನ್ನು ಆ ವರ್ಷದ ಡಿಸೆಂಬರ್ 31ಕ್ಕೆ ಹಿಡಿಯುತ್ತಾರೆ. ರೇಸೆಲ್ಲ ಟೈಮ್ಡ್ ಫೈನಲ್. ಬೆಳಿಗ್ಗೆ ಅರ್ಹತಾ ಸುತ್ತು, ಸಂಜೆ ಫೈನಲ್ ಅಂತ ಇಲ್ಲ. ಒಂದೇ ಸಲ ಈಜೋದು, ಆ ಟೈಮೇ ಲೆಕ್ಕ. ಅಂದರೆ ಪಕ್ಕದ ಲೇನಿನಲ್ಲಿ ಯಾರಿದ್ದರೂ ಪದಕಕ್ಕೆ ಏನೂ ವ್ಯತ್ಯಾಸ ಇಲ್ಲ, ಅಲ್ವಾ? ಯಾರೂ ಒಬ್ಬರೇ ಈಜುವ ಹಾಗಾಗಬಾರದು, ಲೇನ್ ಖಾಲಿ ಬಿಡಬಾರದು ಅಂತ ವಯಸ್ಸು, ಗಂಡು ಹೆಣ್ಣು ಎಲ್ಲವನ್ನೂ ಬೆರೆಸಿ ಹೀಟ್ ಹಾಕಬಹುದು ಅಂತ ನಿಯಮದಲ್ಲೇ ಇದೆ. ವಯಸ್ಸು ಫಲಿತಾಂಶದ ಪಟ್ಟಿಗೆ, ಟೈಮ್ ಹೀಟಿಗೆ. ನಾನು ಎರಡನ್ನೂ ಕಲಸಿ ಹಾಕಿದ್ದೆ.

ಅದೇ 17 ಜನರನ್ನು, ಹೆಸರು ಕೊಡುವಾಗ ಕೊಟ್ಟ ಟೈಮ್ ಪ್ರಕಾರ ಜೋಡಿಸಿ ನೋಡಿದೆ. ವೇಗದವರು ಎಂಟು ಜನ ಕೊನೆಯ ಹೀಟಿಗೆ. ಉಳಿದ ಒಂಬತ್ತರಲ್ಲಿ ಎಂಟು ಒಂದು ಅಂತ ಒಡೆದರೆ ಮತ್ತೆ ಒಬ್ಬರು ಒಂಟಿಯಾಗುತ್ತಾರೆ, ಹಾಗಾಗಿ ಆರು ಮತ್ತು ಮೂರು. ಒಂದು ಹೀಟಿನಲ್ಲಿ ಮೂರಕ್ಕಿಂತ ಕಮ್ಮಿ ಹಾಕಬಾರದು. ನಿಧಾನದ ಹೀಟ್ ಮೊದಲು. ಅದಕ್ಕೆ 42 ನಿಮಿಷ, ನಡುವಿನದಕ್ಕೆ 33, ಕೊನೆಯದಕ್ಕೆ 25. ನಾಲ್ಕೂಕಾಲು ಗಂಟೆಯ ಇವೆಂಟ್ ಹೆಚ್ಚುಕಮ್ಮಿ ಒಂದೂಮುಕ್ಕಾಲು ಗಂಟೆಗೆ ಇಳಿಯುತ್ತದೆ. ಹೀಟಿನೊಳಗೆ ಲೇನ್ ಕೊಡೋದು ಎಲ್ಲ ಕಡೆಯಂತೆಯೇ: ಅತಿ ವೇಗದವರಿಗೆ 4, ಆಮೇಲೆ 5, 3, 6, 2, 7, 1, 8.

ಸಣ್ಣ ರೇಸಿನಲ್ಲೂ ಇದೇ ಕಥೆ. ಗಂಡಸರ 50 ಫ್ರೀಗೆ 61 ಜನ ಇದ್ದರು. 30-34ರಲ್ಲಿ ಒಂಬತ್ತು ಜನ, ಅದಕ್ಕೆ ಎರಡು ಹೀಟ್. 70-74ರಲ್ಲಿ ಒಬ್ಬರು, ಅದಕ್ಕೂ ಒಂದು ಹೀಟ್. ಹೀಗೆ ಒಟ್ಟು 14. ಬೆರೆಸಿದರೆ ಎಂಟೇ. ಒಂದು ಹೀಟಿಗೆ ಒಂದೂವರೆ ನಿಮಿಷ ಹಿಡಿದರೂ ಒಂಬತ್ತು ನಿಮಿಷ ಸುಮ್ನೆ ಹೋಗಿತ್ತು, ಅದೂ ಒಂದೇ ಇವೆಂಟಿಗೆ. ನೂರಾರು ಜನ ಒಂದೇ ಗುಂಪಿನಲ್ಲಿ ಬರುವ ವಿಶ್ವ ಮಟ್ಟದ ಮೀಟ್‌ನಲ್ಲಿ ವಯಸ್ಸಿನ ಪ್ರಕಾರ ಹಾಕಿದರೂ ಹೀಟ್ ತುಂಬುತ್ತದೆ. ನಮ್ಮಲ್ಲಿ ತುಂಬೋದಿಲ್ಲ.

ಆದರೆ ಟೈಮ್ ಪ್ರಕಾರ ಹಾಕಬೇಕಾದರೆ ಕೊಟ್ಟ ಟೈಮ್ ನಿಜ ಇರಬೇಕು. ಕಷ್ಟ ಇರೋದು ಇಲ್ಲೇ. ಅರ್ಧಕ್ಕರ್ಧ ಜನ ಟೈಮ್ ಬರೆಯೋದೇ ಇಲ್ಲ. 71 ವರ್ಷದ ಒಬ್ಬರು 50 ಮೀಟರ್‌ಗೆ 34 ಸೆಕೆಂಡ್ ಅಂತ ಬರೆದಿದ್ದರು. ಫೋನ್ ಮಾಡಿದೆ.

"ಸರ್, ಈ 34 ಯಾವಾಗಿನ ಟೈಮು?"

"ಅದಾ? ಬ್ಯಾಂಕಿಗೆ ಸೇರಿದ ವರ್ಷದ್ದು ಮರೀ."

"ಈಗ ಎಷ್ಟಾಗತ್ತೆ ಸರ್?"

ಸ್ವಲ್ಪ ಹೊತ್ತು ಮಾತಿಲ್ಲ. "ನಾಳೆ ಹೇಳ್ತೀನಿ ಇರು" ಅಂದರು. ಮಾರನೇ ದಿನ ಕೊಳಕ್ಕೆ ಹೋಗಿ, ಮೊಮ್ಮಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು, ಈಜಿ, ಅವರೇ ಫೋನ್ ಮಾಡಿದರು. 58. ಮೀಟ್ ದಿನ 56, 58, 59, 61ರ ಟೈಮ್ ಕೊಟ್ಟವರ ಜೊತೆ ಹಾಕಿದ್ದೆ, ಒಬ್ಬರು 48 ವರ್ಷದ ಹೆಂಗಸು, ಇನ್ನೊಬ್ಬರು ಹೋದ ವರ್ಷವಷ್ಟೇ ಈಜು ಕಲಿತ ಹುಡುಗ. ಕೊನೆಯ ಹತ್ತು ಮೀಟರಲ್ಲಿ ನಾಲ್ಕೈದು ಕೈ ಒಟ್ಟಿಗೆ ಗೋಡೆಯ ಕಡೆ ಬರುತ್ತಿದ್ದವು, ಸ್ಟ್ಯಾಂಡಿನಲ್ಲಿ ಎಲ್ಲರೂ ಎದ್ದು ಕೂಗುತ್ತಿದ್ದರು. ವೇಗದ ಹೀಟಿಗೂ ಅಷ್ಟು ಗಲಾಟೆ ಆಗಿರಲಿಲ್ಲ. ಅದಕ್ಕೇ ಈಗ ಟೈಮ್ ಬರೆಯದವರಿಗೆಲ್ಲ ನಾನೇ ಫೋನ್ ಮಾಡುತ್ತೇನೆ, ಎರಡು ಸಂಜೆ ಹೋದರೂ ಪರವಾಗಿಲ್ಲ.

ಒಂದು ನಷ್ಟ ಇದೆ, ಒಪ್ಪಿಕೊಳ್ಳುತ್ತೇನೆ. ವರ್ಷಗಟ್ಟಲೆ ಎದುರಾಳಿಗಳಾಗಿರುವ ಇಬ್ಬರು ಬೇರೆ ಬೇರೆ ಹೀಟಿಗೆ ಹೋದರೆ ಬೇಜಾರಾಗುತ್ತದೆ. ಟೈಮ್ ಹತ್ತಿರ ಇದ್ದರೆ ನಾನೇ ಕೈಯಾರೆ ಒಂದೇ ಹೀಟಿಗೆ ತರುತ್ತೇನೆ.

ಇವೆಂಟ್‌ಗಳ ಸಾಲು ಹಾಕುವಾಗ ನಾನು ಮೊದಲು ನೋಡೋದು ಬ್ಯಾಕ್‌ಸ್ಟ್ರೋಕ್, ಅಂದರೆ ಬೆನ್ನ ಮೇಲೆ ಈಜುವ ರೇಸ್. ತೆರೆದ ಕೊಳದಲ್ಲಿ ಹನ್ನೆರಡು ಗಂಟೆಗೆ ಅದನ್ನು ಇಟ್ಟರೆ ಸೂರ್ಯ ನೇರ ಕಣ್ಣಿಗೇ. ಬೆಳಿಗ್ಗೆ ಬೇಗ ಮುಗಿಸಿಬಿಡಬೇಕು. 50 ಫ್ರೀ ಮತ್ತು 50 ಬಟರ್‌ಫ್ಲೈ ಎರಡಕ್ಕೂ ಹೆಚ್ಚಾಗಿ ಒಂದೇ ಜನ ಹೆಸರು ಕೊಟ್ಟಿರುತ್ತಾರೆ, ನಡುವೆ 40 ನಿಮಿಷವಾದರೂ ಬೇಕು. ರಿಲೇ ಕೊನೆಗೆ. ನಾಲ್ವರ ವಯಸ್ಸು ಕೂಡಿಸಿ ಗುಂಪು ಮಾಡೋದರಿಂದ, ಒಬ್ಬರು ಬದಲಾದರೆ ಗುಂಪೇ ಬದಲಾಗಬಹುದು.

ಸಮಯದ ಲೆಕ್ಕ ಸುಲಭ: ಹೀಟಿನಲ್ಲಿ ಅತಿ ನಿಧಾನದವರ ಟೈಮ್, ಅದಕ್ಕೆ ಅರ್ಧ ನಿಮಿಷ. ವಯಸ್ಸಾದವರು ಏಣಿ ಹತ್ತೋದಕ್ಕೇ ಆ ಅರ್ಧ ನಿಮಿಷ ಸಾಲದು. ಅದಕ್ಕೆ ರೇಸ್ ಮುಗಿಸಿದವರನ್ನು ಲೇನ್ ಹಗ್ಗ ಹಿಡಿದು ನೀರಲ್ಲೇ ಇರಿ ಅನ್ನುತ್ತೇವೆ. ಮುಂದಿನ ಹೀಟ್ ಅವರ ತಲೆ ಮೇಲಿಂದ ಹಾರುತ್ತದೆ, ಆಮೇಲೆ ಇವರು ನಿಧಾನಕ್ಕೆ ಬರಲಿ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಇದು ಆಗೋದಿಲ್ಲ, ಸ್ಟಾರ್ಟೇ ನೀರಿನೊಳಗಿಂದ.

800 ಮತ್ತು 1500ಕ್ಕೆ ಹಿಂದಿನ ದಿನ ಹೀಟ್ ಹಾಕೋದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಬಂದು ಸಹಿ ಮಾಡಿದವರನ್ನಷ್ಟೇ ಹಾಕುತ್ತೇನೆ. ಮನೆಯಲ್ಲಿ ಮಲಗಿದವರಿಗೆ ಲೇನ್ ಇಟ್ಟು ಪ್ರಯೋಜನ ಇಲ್ಲ.

ಇನ್ನು ಹೀಟ್ ಶೀಟನ್ನು 18 ಸೈಜಿನ ಅಕ್ಷರದಲ್ಲೇ ಪ್ರಿಂಟ್ ಮಾಡಿಸಿ. ಕಾಗದ ಜಾಸ್ತಿ ಆಗುತ್ತದೆ, ಆಗಲಿ. ಕಾಲ್ ರೂಮಿಗೆ, ಅಂದರೆ ರೇಸಿಗೆ ಮುಂಚೆ ಎಲ್ಲರನ್ನೂ ಸೇರಿಸುವ ಜಾಗಕ್ಕೆ, ಬರುವ ಹೊತ್ತಿಗೆ ಎಲ್ಲರೂ ಕನ್ನಡಕ ತೆಗೆದು ಬ್ಯಾಗಿನಲ್ಲಿ ಇಟ್ಟಿರುತ್ತಾರೆ.