ನೆಲನೆಲ್ಲಿ ಯಾವುದು, ಅದರ ದಾಯಾದಿ ಯಾವುದು? ಡಿಎನ್‌ಎ ಓದಿ ಗುರುತಿಸುವುದು ಹೀಗೆ

ಕಾಮಾಲೆ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವ ಗಿಡ ನೆಲನೆಲ್ಲಿ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಒಣಗಿಸಿದ ಸೊಪ್ಪನ್ನೋ ಪುಡಿಯನ್ನೋ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅದರಲ್ಲಿರಬೇಕಾದ್ದು ಫಿಲಾಂಥಸ್ ಅಮರಸ್. ಇರುವುದೂ ಅದೇನಾ?

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ದಕ್ಷಿಣ ಭಾರತದ 25 ಅಂಗಡಿಗಳಿಂದ ಸರಕು ತಂದು ಇದನ್ನೇ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇ 76ರಷ್ಟು ಮಾದರಿಗಳಲ್ಲಿ ಬಹುಪಾಲು ಅಮರಸ್ಸೇ ಇತ್ತು. ಉಳಿದ ಅಂಗಡಿಗಳ ಸರಕಿನಲ್ಲಿ ಅದೇ ಕುಲದ ಇನ್ನೂ ಐದು ಪ್ರಭೇದಗಳು ಸಿಕ್ಕವು. ಔಷಧಿ ಎಂದು ಕುಡಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಹಸಿ ಗಿಡ ಕೈಯಲ್ಲಿದ್ದರೆ ಡಿಎನ್‌ಎ ಬೇಕಾಗಿಲ್ಲ. ಎಲೆಯ ಬುಡದ ಪುಟ್ಟ ಹೂವನ್ನು ಭೂತಗನ್ನಡಿಯಲ್ಲಿ ನೋಡಿ. ಅಮರಸ್‌ಗೆ ಐದು ಎಸಳು, ಅದೇ ಕುಲದ ಫ್ರಾಟರ್ನಸ್‌ಗೆ ಆರು. ಅಮರಸ್‌ನ ಕಾಯಿ ನುಣುಪು. ಇನ್ನೊಂದು ದಾಯಾದಿ ಯುರಿನೇರಿಯಾದ ಕಾಯಿ ಒರಟು, ಕಾಂಡದಲ್ಲೂ ಕೆಂಪು ಛಾಯೆ. ಪುಡಿಯಾದ ಮೇಲೆ ಇದ್ಯಾವುದೂ ಉಳಿಯುವುದಿಲ್ಲ, ಅಲ್ವಾ? ಆಗ ಡಿಎನ್‌ಎ ಮೊರೆ ಹೋಗಬೇಕು.

ಮೊದಲು ಹೆಸರು ಗೊತ್ತಿರುವ ಗಿಡ

ಪುಡಿಯ ಡಿಎನ್‌ಎಯನ್ನು ಹೋಲಿಸಲು ಹೆಸರು ಖಚಿತವಾದ ಗಿಡದ ಡಿಎನ್‌ಎ ಬೇಕು. ಪರೀಕ್ಷೆಯ ಗಟ್ಟಿತನವೆಲ್ಲ ಇರುವುದು ಇಲ್ಲಿ. ಹೂವು, ಕಾಯಿ ಇರುವ ಗಿಡವನ್ನೇ ಕೀಳಿ. ಸಸ್ಯಶಾಸ್ತ್ರಜ್ಞರಿಗೆ ತೋರಿಸಿ ಹೆಸರು ಖಚಿತಪಡಿಸಿಕೊಳ್ಳಿ. ಗಿಡವನ್ನು ಒತ್ತಿ ಒಣಗಿಸಿ, ಸ್ಥಳ ಮತ್ತು ದಿನಾಂಕ ಬರೆದು ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹ) ಇಡಿ. ಅದೇ ಗಿಡದ ಒಂದೆರಡು ಎಲೆಗಳನ್ನು ಸಿಲಿಕಾ ಜೆಲ್ ಇರುವ ಪೊಟ್ಟಣಕ್ಕೆ ಹಾಕಿ. ಬೇಗ ಒಣಗಿದಷ್ಟೂ ಡಿಎನ್‌ಎ ಚೆನ್ನಾಗಿ ಉಳಿಯುತ್ತದೆ. ಒಂದು ಪ್ರಭೇದಕ್ಕೆ ಒಂದೇ ಗಿಡ ಸಾಲದು. ಬೇರೆ ಬೇರೆ ಊರುಗಳಿಂದ ಕೆಲವನ್ನಾದರೂ ತರಬೇಕು.

ಡಿಎನ್‌ಎ ತೆಗೆಯುವುದು

ಎಲೆಯನ್ನು ನುಣ್ಣಗೆ ಅರೆದು, ಸಿಟಿಎಬಿ ಎಂಬ ಮಾರ್ಜಕ ಬೆರೆಸಿದ ದ್ರಾವಣದಲ್ಲಿ ಬಿಸಿ ಮಾಡುತ್ತಾರೆ. ಕ್ಲೋರೋಫಾರ್ಮ್ ಹಾಕಿ ಪ್ರೋಟೀನು ಬೇರ್ಪಡಿಸಿ, ಕೊನೆಗೆ ಆಲ್ಕೋಹಾಲ್ ಸೇರಿಸಿದರೆ ಡಿಎನ್‌ಎ ತಳಕ್ಕಿಳಿಯುತ್ತದೆ. ಇದೆಲ್ಲ ಪ್ರಯೋಗಾಲಯದಲ್ಲೇ ಆಗಬೇಕಾದ ಕೆಲಸ.

ಯಾವ ತುಣುಕು ಓದಬೇಕು?

ಪ್ರಾಣಿಗಳಲ್ಲಿ ಮೈಟೊಕಾಂಡ್ರಿಯಾದ ಸಿಒಐ ಜೀನ್ ಒಂದರಿಂದಲೇ ಬಹಳಷ್ಟು ಸಲ ಕೆಲಸ ಆಗುತ್ತದೆ. ಗಿಡಗಳಲ್ಲಿ ಅದು ತೀರಾ ನಿಧಾನವಾಗಿ ಬದಲಾಗುತ್ತದೆ. 2009ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್‌ನ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಜೀನ್‌ಗಳ ಜೋಡಿಯನ್ನು ಶಿಫಾರಸು ಮಾಡಿತು. ಅವರದೇ ಪರೀಕ್ಷೆಯಲ್ಲಿ ಆ ಜೋಡಿ ಶೇ 72ರಷ್ಟು ಪ್ರಭೇದಗಳನ್ನು ಮಾತ್ರ ಬೇರ್ಪಡಿಸಿತು. ದಾಯಾದಿಗಳು ಹತ್ತಿರವಾದಷ್ಟೂ ಅದು ಕೈಕೊಡುವುದು ಜಾಸ್ತಿ.

ನೆಲನೆಲ್ಲಿಯ ಅಧ್ಯಯನದಲ್ಲಿ ಬಳಸಿದ್ದು ಕ್ಲೋರೋಪ್ಲಾಸ್ಟ್‌ನದೇ ಪಿಎಸ್‌ಬಿಎ–ಟಿಆರ್‌ಎನ್‌ಎಚ್ ತುಣುಕನ್ನು. ಇದು ಎರಡು ಜೀನ್‌ಗಳ ನಡುವಿನ ಜಾಗ. ಇಲ್ಲಿಂದ ಪ್ರೋಟೀನು ತಯಾರಾಗುವುದಿಲ್ಲ. ಹಾಗಾಗಿ ಡಿಎನ್‌ಎಯ ಅಕ್ಷರ (ಎ, ಟಿ, ಜಿ, ಸಿ) ಬದಲಾದರೂ, ಬಿಟ್ಟುಹೋದರೂ, ಸೇರಿಕೊಂಡರೂ ಗಿಡಕ್ಕೆ ತೊಂದರೆ ಕಡಿಮೆ. ಆ ಬದಲಾವಣೆಗಳೇ ನಮಗೆ ಗುರುತು.

ಕ್ಲೋರೋಪ್ಲಾಸ್ಟ್ ಹೆಚ್ಚಿನ ಹೂಗಿಡಗಳಲ್ಲಿ ತಾಯಿಯಿಂದ ಮಾತ್ರ ಬರುತ್ತದೆ. ಮಿಶ್ರತಳಿಯ ಅನುಮಾನವಿದ್ದರೆ ಕೋಶಕೇಂದ್ರದ ಐಟಿಎಸ್2 ತುಣುಕನ್ನೂ ಓದಿಸಿ. ಅದರಲ್ಲಿ ಒಂದು ಎಚ್ಚರ ಬೇಕು: ಸೊಪ್ಪಿಗೆ ಬೂಷ್ಟು ಹಿಡಿದಿದ್ದರೆ ಗಿಡದ ಬದಲು ಶಿಲೀಂಧ್ರದ ಐಟಿಎಸ್ ಬಂದುಬಿಡಬಹುದು.

ನಕಲು ಮಾಡಿ ಓದುವುದು

ಬೇಕಾದ ತುಣುಕನ್ನು ನಕಲು ಮಾಡುವ ಪಿಸಿಆರ್ ಯಂತ್ರ 95 ಡಿಗ್ರಿಯಲ್ಲಿ ಎಳೆ ಬಿಡಿಸಿ, 50–55 ಡಿಗ್ರಿಯಲ್ಲಿ ಪ್ರೈಮರ್ (ನಕಲು ಶುರುವಾಗುವ ಜಾಗ ಗುರುತಿಸುವ ಪುಟ್ಟ ಡಿಎನ್‌ಎ ಚೂರು) ಅಂಟಿಸಿ, 72 ಡಿಗ್ರಿಯಲ್ಲಿ ಹೊಸ ಎಳೆ ಕಟ್ಟಿಸುತ್ತದೆ. ಸಾಮಾನ್ಯವಾಗಿ ಇದು ಸುಮಾರು 35 ಸುತ್ತು. ಆಮೇಲೆ ಅಕ್ಷರಗಳ ಸಾಲು ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಕಳಿಸಬೇಕು.

ಬಂದ ಕಡತವನ್ನು ಸುಮ್ನೆ ನಂಬಬೇಡಿ. ನಾಲ್ಕು ಅಕ್ಷರಗಳನ್ನು ತೋರಿಸುವ ನಾಲ್ಕು ಬಣ್ಣದ ಗೆರೆಗಳ ಏರಿಳಿತವನ್ನು ಕಣ್ಣಾರೆ ನೋಡಿ. ಈ ತುಣುಕಿನಲ್ಲಿ ಎ ಅಥವಾ ಟಿ ಅಕ್ಷರ ಸಾಲಾಗಿ ಹತ್ತಾರು ಸಲ ಬರುವುದುಂಟು. ಅಲ್ಲಿಂದ ಮುಂದೆ ಶಿಖರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಎರಡೂ ತುದಿಯಿಂದ ಓದಿಸಿ ಹೋಲಿಸುವುದು ಅದಕ್ಕೇ.

ಹೋಲಿಸುವುದು

ಡಿಎನ್‌ಎ ಸಾಲುಗಳ ಸಾರ್ವಜನಿಕ ಸಂಗ್ರಹವಾದ ಜೆನ್‌ಬ್ಯಾಂಕ್‌ನಲ್ಲಿ ಹುಡುಕಿದಾಗ ಶೇ 99 ಹೊಂದಿಕೆ ಎಂದು ತೋರಿಸಿದ ಮಾತ್ರಕ್ಕೆ ತೀರ್ಪು ಕೊಡುವಂತಿಲ್ಲ. ಹತ್ತಿರದ ಪ್ರಭೇದವೂ ಶೇ 99 ಹೊಂದಬಹುದು. ಅಲ್ಲಿರುವ ಹೆಸರೇ ತಪ್ಪಿರಬಹುದು. ನೀವೇ ಹರ್ಬೇರಿಯಂನಲ್ಲಿಟ್ಟ ಗಿಡಗಳ ಸಾಲುಗಳ ಜೊತೆ ಜೋಡಿಸಿ ನೋಡಿ. ಒಂದು ಪ್ರಭೇದದ ಎಲ್ಲ ಗಿಡಗಳಲ್ಲೂ ಇದ್ದು ಬೇರೆಯವುಗಳಲ್ಲಿ ಇಲ್ಲದ ಅಕ್ಷರ ಸಿಕ್ಕರೆ ಅದನ್ನು ಗುರುತಾಗಿ ಬಳಸಬಹುದು. ಸಿಗದಿದ್ದರೆ ಇನ್ನೊಂದು ತುಣುಕು ಓದಿಸಬೇಕು.

ಪುಡಿಯಲ್ಲಿ ನಾಲ್ಕಾರು ಗಿಡ ಬೆರೆತಿದ್ದರೆ ಸ್ಯಾಂಗರ್ ವಿಧಾನ ಸಾಲದು. ಒಂದೇ ಸಲಕ್ಕೆ ಸಾವಿರಾರು ತುಣುಕುಗಳನ್ನು ಬಿಡಿಬಿಡಿಯಾಗಿ ಓದುವ ಮೆಟಾಬಾರ್‌ಕೋಡಿಂಗ್ ಬೇಕು. ಅದು ಏನೇನು ಬೆರೆತಿದೆ ಎಂದು ಹೇಳುತ್ತದೆ. ಯಾವುದು ಎಷ್ಟು ಗ್ರಾಂ ಎಂದು ನಂಬುವಂತೆ ಹೇಳಲಾರದು. ಕಷಾಯ ಅಥವಾ ಸಾರದಲ್ಲಂತೂ ಡಿಎನ್‌ಎ ಚೂರುಚೂರಾಗಿರುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಅಂಥ ಸರಕನ್ನು ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ಕೊಟ್ಟು, ಅಮರಸ್‌ನಲ್ಲಿರುವ ಫಿಲಾಂಥಿನ್ ಎಂಬ ಸಂಯುಕ್ತ ಅದರಲ್ಲಿ ಎಷ್ಟಿದೆ ಎಂದು ಅಳೆಸಬೇಕು.